ಕಾಳಿಗೆ ನಿಲ್ಲಿಸಿದ ಕಲ್ಲು

ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಸುಮಾರು ಕ್ರಿ.ಶ. 950ರದು. ಅದು ಹೇಳುವಂತೆ, ತಕ್ಕೋಲದ ಕದನದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಅಲ್ಲಿ ಮೆರೆದ ತನ್ನ ಸೇವಕ ಮಣಲೇರನಿಗೆ ಬೂತುಗ ಮೆಚ್ಚಿ ಬೇಡಿಕೊ ಎಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಬೆಳತೂರಿನ ಪಡುವಣ ಗುಡ್ಡದಲ್ಲಿ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು.

ಮಣಲೇರ ಕಾಳಿಗೆ ಕೊಟ್ಟ ವಿದಾಯ ಅಪೂರ್ವವಾದದ್ದು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಲಾಯಿತು, ಅದರ ಪೂಜೆಗೆ ಭೂಮಿ ಬಿಡಲಾಯಿತು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ (ಶೈವ ಪೂಜಾರಿಗೆ) ನಾಯಿಯ ಪಾಪ ತಟ್ಟುತ್ತದೆಂದೂ ಬರೆಸಲಾಯಿತು. ವೀರರಿಗೆ ಸಲ್ಲುವ ಗೌರವವೇ ಒಂದು ನಾಯಿಗೆ ಸಂದದ್ದು ಕನ್ನಡನಾಡಿನ ಹೆಮ್ಮೆ. ನಾಯಿ-ಹಂದಿಯ ಸೆಣಸಾಟ ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.