ಬಿಸಿಲೂರಿನ ಬೋಟ್: ಒಂದು ಕಿಡಿಯ ಇತಿಹಾಸ

ಕಲಬುರಗಿ ಅಂದ್ರೆ ತೊಗರಿ, ಕಮಲಾಪುರ ಅಂದ್ರೆ ಕೆಂಪು ಬಾಳೆಹಣ್ಣು. ಇಂಥ ಬಿಸಿಲನಾಡಿಗೆ ಬೋಟ್ ಎಂಜಿನ್ ಕಥೆ ಯಾಕ್ರಿ ಅಂತೀರಾ?

2020ರ ಅಕ್ಟೋಬರ್ ನೆನಪು ಮಾಡ್ಕೊಳ್ಳಿ. ಇಲ್ಲಿ ಜೋರು ಮಳೆ. ಮೇಲಿಂದ ಮಹಾರಾಷ್ಟ್ರದ ಉಜನಿ ಜಲಾಶಯದ ನೀರು. ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನುಗ್ಗಿತು. ಎನ್‌ಡಿಆರ್‌ಎಫ್ ಮತ್ತು ಸೇನೆಯ ತಂಡಗಳು ಬರಬೇಕಾಯ್ತು. ಕಮಲಾಪುರ ತಾಲ್ಲೂಕಿನಲ್ಲಿ ಹರಿಯುವ ಬೆಣ್ಣೆತೊರೆಯೂ ಕಾಗಿಣಾ ಸೇರಿ, ಕೊನೆಗೆ ಅದೇ ಭೀಮಾಕ್ಕೆ ಹೋಗ್ತದೆ. ಅಂಥ ದಿನ ಬೋಟ್ ಸ್ಟಾರ್ಟ್ ಆಗದಿದ್ರೆ, ಮಾಳಿಗೆ ಮೇಲೆ ಕೂತವರು ಕಾಯ್ತಾನೇ ಇರ್ತಾರೆ.

ನಮ್ಮ ನಾಡಿನ ನದಿಗಳಲ್ಲಿ ಮೊದಲು ಇದ್ದದ್ದು ಹರಿಗೋಲು. ಬಿದಿರಿನ ಬುಟ್ಟಿ, ಹೊರಗೆ ಚರ್ಮದ ಹೊದಿಕೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂಥ ಈ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಹರಿಗೋಲು ಕೆಟ್ಟರೆ ತೂತು ಕಣ್ಣಿಗೆ ಕಾಣ್ತಿತ್ತು. ಎಂಜಿನ್ನಿನ ಕರೆಂಟ್ ಕೆಟ್ಟರೆ ಕಣ್ಣಿಗೆ ಏನೂ ಕಾಣಲ್ಲ. ಅದಕ್ಕೇ ಅದರ ಇತಿಹಾಸ ಗೊತ್ತಿರಬೇಕು. ಎಂಜಿನ್ನಿಗೆ ಕರೆಂಟ್ ಯಾವ ದಾರಿಯಲ್ಲಿ ಬಂತೋ, ದೋಷ ಅದೇ ದಾರಿಯಲ್ಲೇ ಸಿಗ್ತದೆ.

ಮೊದಲ ಹೆಜ್ಜೆ ಜರ್ಮನಿಯದು. 1887ರಲ್ಲಿ ರಾಬರ್ಟ್ ಬಾಷ್ ಎಂಜಿನ್ನಿಗೆ ಮ್ಯಾಗ್ನೆಟೊ ಮಾಡಿಕೊಟ್ಟ. ಅಯಸ್ಕಾಂತ ತಿರುಗಿದ್ರೆ ಸಾಕು, ಕಿಡಿ ಹುಟ್ತದೆ. 1902ರಲ್ಲಿ ಅವನ ಎಂಜಿನಿಯರ್ ಗಾಟ್ಲೋಬ್ ಹೊನೊಲ್ಡ್ ಅದನ್ನ ಹೈ ವೋಲ್ಟೇಜಿಗೆ ತಂದು ಸ್ಪಾರ್ಕ್ ಪ್ಲಗ್ ಜೋಡಿಸಿದ. 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್‌ರೂಡ್ ಬೋಟಿನ ಹಿಂದೆ ಸಿಕ್ಕಿಸೋ ಎಂಜಿನ್ ಮಾರಾಟಕ್ಕೆ ತಂದ. ಇವತ್ತಿಗೂ ಹಗ್ಗ ಎಳೆದು ಸ್ಟಾರ್ಟ್ ಮಾಡೋ ಸಣ್ಣ ಎಂಜಿನ್ನುಗಳು ಅಯಸ್ಕಾಂತದಿಂದಲೇ ಕಿಡಿ ಮಾಡ್ಕೊಳ್ತವೆ. ಬ್ಯಾಟರಿ ಇಲ್ಲದಿದ್ರೂ ನಡೀತದೆ.

ಆಮೇಲಿನದು ಪಾಯಿಂಟ್ ಕಾಲ. ರಾಜದೂತ್, ಯೆಜ್ಡಿ ಓಡಿಸಿದ ಕಾಕಾನ್ನ ಕೇಳಿ ನೋಡ್ರಿ: ಗಾಡಿ ಮಿಸ್ ಹೊಡೆದ್ರೆ ಪಾಯಿಂಟ್ ಬಿಚ್ಚಿ ಎಮರಿ ಪೇಪರ್ ಹಾಕ್ತಿದ್ರು. ಬೋಟಿನಲ್ಲೂ ಅದೇ ಕಥೆ. 1960ರ ದಶಕದಿಂದ ಸಿಡಿಐ ಅನ್ನೋ ಎಲೆಕ್ಟ್ರಾನಿಕ್ ಡಬ್ಬಿ ಬಂತು. ಸವೆಯೋ ಪಾಯಿಂಟ್ ಹೋಯ್ತು, ಆದ್ರೆ ವೈರು, ಕನೆಕ್ಟರ್ ಉಳಿದವು. ದೊಡ್ಡ ಎಂಜಿನ್ನುಗಳಿಗೆ ಸ್ಟಾರ್ಟರ್ ಮೋಟಾರ್, ಅದರ ಜೊತೆ ಬ್ಯಾಟರಿಯೂ ಬಂತು.

ಈಗ ಎಂಜಿನ್ ಸ್ಟಾರ್ಟ್ ಆಗ್ತಿಲ್ಲ ಅನ್ಕೊಳ್ಳಿ. ಮೊದಲು ಎರಡು ಪುಕ್ಕಟೆ ಪರೀಕ್ಷೆ. ಓಡಿಸೋನ ಮೈಗೆ ಕಟ್ಟೋ ಕೆಂಪು ದಾರದ ಕ್ಲಿಪ್ ಸ್ವಿಚ್ಚಿನಲ್ಲಿ ಕೂತಿದೆಯಾ? ಗೇರ್ ನ್ಯೂಟ್ರಲ್‌ನಲ್ಲಿದೆಯಾ? ಇವೆರಡೇ ಎಷ್ಟೋ ಸಲ ಕಾರಣ ಆಗಿರ್ತವೆ.

ಆಮೇಲೆ ಕಿವಿ ಕೊಡಿ. ಬರೀ ಟಕ್ ಅಂತ ಸದ್ದು ಬಂದು ಎಂಜಿನ್ ತಿರುಗದಿದ್ರೆ ಬ್ಯಾಟರಿ ಕಡೆ ನೋಡಿ. ಸುಮ್ಮನಿದ್ದಾಗ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿದ್ರೆ ಫುಲ್ ಚಾರ್ಜ್. 12 ಇದ್ರೆ ಹೆಚ್ಚುಕಮ್ಮಿ ಖಾಲಿ. ಸ್ಟಾರ್ಟ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬಿದ್ರೆ ಬ್ಯಾಟರಿ ಸೋತಿದೆ. ಬ್ಯಾಟರಿ ಸರಿ ಇದ್ದೂ ತಿರುಗದಿದ್ರೆ ಟರ್ಮಿನಲ್ ಮೇಲಿನ ಬಿಳಿ, ಹಸಿರು ಪುಡಿ ಉಜ್ಜಿ, ನಟ್ ಬಿಗಿ ಮಾಡಿ. ನೆಗೆಟಿವ್ ಕೇಬಲ್ ಎಂಜಿನ್ನಿಗೆ ಸೇರೋ ಜಾಗವನ್ನೂ ಬಿಡಬೇಡಿ.

ಎಂಜಿನ್ ಚೆನ್ನಾಗಿ ತಿರುಗ್ತದೆ, ಆದ್ರೆ ಹೊತ್ತಿಕೊಳ್ತಿಲ್ಲ ಅಂದ್ರೆ ಸ್ಪಾರ್ಕ್ ಟೆಸ್ಟರ್ ಹಾಕಿ. ಪ್ಲಗ್ ಕೇಬಲನ್ನ ಕೈಯಲ್ಲಿ ಹಿಡೀಬೇಡಿ. ಸಿಡಿಐ ಏಟು ಜೋರು. ಪೆಟ್ರೋಲ್ ವಾಸನೆ ಇದ್ರೆ ಈ ಪರೀಕ್ಷೆಯೇ ಬೇಡ. ಕಿಡಿ ಬಂದ್ರೆ ತಪ್ಪು ಪೆಟ್ರೋಲಿನ ದಾರಿಯಲ್ಲಿರಬಹುದು. ಬರದಿದ್ರೆ ಪ್ಲಗ್, ಕಾಯಿಲ್, ಸ್ವಿಚ್ ವೈರು ಒಂದೊಂದಾಗಿ ನೋಡಿ. ದುಬಾರಿ ಡಬ್ಬಿ ಬದಲಿಸೋದು ಕೊನೆಗೆ.

ಕಡಲತೀರದ ಬೋಟನ್ನ ಉಪ್ಪುನೀರು ತಿನ್ನುತ್ತೆ. ನಮ್ಮ ಕಡೆ ಬೋಟ್ ಕೆಡೋದು ಸುಮ್ಮನೆ ನಿಂತು. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಬ್ಯಾಟರಿ ತಾನೇ ಇಳೀತದೆ, ಇಲಿ ವೈರು ಕಡೀತದೆ. ತಿಂಗಳಿಗೊಮ್ಮೆ ಚಾರ್ಜ್ ಮಾಡಿ, ಎಂಜಿನ್ನಿನ ಕೆಳಭಾಗ ನೀರಿನ ಡ್ರಮ್ಮಿನಲ್ಲಿಳಿಸಿ ಹತ್ತು ನಿಮಿಷ ಓಡಿಸಿದ್ರೆ, ಭೀಮಾ ಉಕ್ಕಿದ ದಿನ ಅದು ಒಂದೇ ಏಟಿಗೆ ಸ್ಟಾರ್ಟ್ ಆಗ್ತದೆ.

ನಿಮ್ಮೂರಲ್ಲಿ ಬೋಟ್ ಇದ್ರೆ ಕೊನೇ ಸಲ ಯಾವಾಗ ಸ್ಟಾರ್ಟ್ ಮಾಡಿದ್ರು ಅಂತ ಒಮ್ಮೆ ಕೇಳಿ ನೋಡಿ.