ಬೇಸಿಗೆ ರಜೆ ಯಾರಿಗೆ?

ಬೇಸಿಗೆ ಬಂದ್ರೆ ಬೀಚ್‌ಗೆ ಹೋಗೋದು ಎಷ್ಟು ಹಳೇ ಪದ್ಧತಿ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ದಕ್ಷಿಣ ಫ್ರಾನ್ಸಿನ ಹೆಸರುವಾಸಿ ಕಡಲತೀರದಲ್ಲೇ ಅದಕ್ಕೆ ಸುಮಾರು ನೂರು ವರ್ಷ ಅಷ್ಟೆ.

ಆನ್‌ಸೈಟ್ ಕೆಲಸದಲ್ಲಿದ್ದಾಗ ಒಂದು ಜುಲೈನಲ್ಲಿ ನಾನೂ ಅಲ್ಲಿನ ನೀಸ್ ನಗರಕ್ಕೆ ಹೋಗಿದ್ದೆ. ಕಡಲು ಫೋಟೋದಲ್ಲಿ ಇರೋ ಹಾಗೇ ನೀಲಿ. ಆದ್ರೆ ತೀರದಲ್ಲಿ ಮರಳಿಲ್ಲ, ಬರೀ ನುಣುಪು ಕಲ್ಲು. ಅದರ ಮೇಲೇ ಟವೆಲ್ ಹಾಸಿಕೊಂಡು ಜನ ಬಿಸಿಲಿಗೆ ಮೈಯೊಡ್ಡಿದ್ರು. ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ, "ಯಾಕ್ಲಾ ಇವ್ರು ಸಂಡಿಗೆ ಥರ ಒಣಗ್ತಾವ್ರೆ?" ಅಂದಳು. ಗುಬ್ಬಿ ತಾಲ್ಲೂಕಿನವಳಿಗೆ ಬಿಸಿಲು ಅಂದ್ರೆ ತಪ್ಪಿಸ್ಕೋಬೇಕಾದ್ದು.

ಹತ್ತೊಂಬತ್ತನೇ ಶತಮಾನದ ಯುರೋಪಿನ ಶ್ರೀಮಂತರೂ ಅಮ್ಮನ ಕಡೆಯವರೇ. ಇಂಗ್ಲಿಷರು ನೀಸ್‌ಗೆ ಬರುತ್ತಿದ್ದದ್ದು ಚಳಿಗಾಲದಲ್ಲಿ, ತಮ್ಮೂರಿನ ಚಳಿ ತಪ್ಪಿಸಿಕೊಳ್ಳೋಕೆ. ಕಡಲ ಪಕ್ಕದ ಉದ್ದನೆಯ ರಸ್ತೆಯ ಹೆಸರೇ ಇಂಗ್ಲಿಷರ ಓಡಾಟದ ದಾರಿ. 1820ರ ದಶಕದ ಆರಂಭದಲ್ಲಿ ಹಿಮ ಬಿದ್ದು ಕಿತ್ತಳೆ ಬೆಳೆ ಹಾಳಾದಾಗ, ಅಲ್ಲಿದ್ದ ಇಂಗ್ಲಿಷರು ಚಂದಾ ಎತ್ತಿ, ಕೆಲಸ ಕಳ್ಕೊಂಡ ಬಡವರಿಂದ ಅದನ್ನ ಮಾಡಿಸಿದ್ರು. ಒಂಥರಾ ಬರಗಾಲದ ಕಾಮಗಾರಿ! ಬೇಸಿಗೆಯಲ್ಲಿ ಅಲ್ಲಿ ಹೋಟೆಲ್‌ಗಳಿಗೆ ಬೀಗ. ನಮ್ಮಲ್ಲೂ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಬೇಸಿಗೆಗೆ ನಂದಿಬೆಟ್ಟ ಹತ್ತುತ್ತಿದ್ದ.

1923ರಲ್ಲಿ ಅಮೆರಿಕದ ಒಂದು ಶ್ರೀಮಂತ ಕುಟುಂಬಕ್ಕಾಗಿ ಹತ್ತಿರದ ಆಂತೀಬ್‌ನ ದೊಡ್ಡ ಹೋಟೆಲೊಂದು ಬೇಸಿಗೆಯಲ್ಲೂ ಬಾಗಿಲು ತೆರೆದಿತ್ತು. ಬಿಸಿಲು ಕಾಯಿಸೋದು ಫ್ಯಾಷನ್ ಆಯ್ತು. ಆದ್ರೆ ಸಾಮಾನ್ಯ ಜನ ಕಡಲು ಕಂಡದ್ದು ಫ್ಯಾಷನ್‌ನಿಂದ ಅಲ್ಲ, ಕಾನೂನಿನಿಂದ. 1936ರ ಜೂನ್‌ನಲ್ಲಿ, ದೊಡ್ಡ ಮುಷ್ಕರಗಳ ನಂತರ, ಲಿಯಾನ್ ಬ್ಲುಮ್ ಸರ್ಕಾರ ಕಾರ್ಮಿಕರಿಗೆ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟಿತು. ರೈಲು ಟಿಕೆಟ್‌ಗೆ ಶೇ. 40 ರಿಯಾಯಿತಿಯೂ ಸಿಕ್ಕಿತು. ಕಾರ್ಖಾನೆ ಬಿಟ್ಟು ಎಲ್ಲೂ ಹೋಗದಿದ್ದ ಎಷ್ಟೋ ಜನ ಅದೇ ಮೊದಲ ಸಲ ಸಮುದ್ರ ನೋಡಿದ್ರು.

ನಮ್ಮ ಸೀಮೆಯ ಕಥೆ ಇದಕ್ಕೆ ಉಲ್ಟಾ. ಗುಬ್ಬಿ, ಕುಣಿಗಲ್ ಕಡೆಯ ರಾಗಿ ರೈತನಿಗೆ ಬೇಸಿಗೆ ಅಂದ್ರೆ ಬಿಡುವು. ಮಳೆಗಾಲದಲ್ಲಿ ಬಿತ್ತನೆ, ವರ್ಷದ ಕೊನೆಗೆ ಕೊಯ್ಲು, ಆಮೇಲೆ ಕಣ. ಸುಗ್ಗಿ ಮುಗಿದ್ರೆ ಮುಂಗಾರು ತನಕ ಹೊಲಕ್ಕೇ ರಜೆ. ಸಿದ್ಧಗಂಗೆಯ ದನದ ಜಾತ್ರೆ, ಗುಬ್ಬಿ ಚನ್ನಬಸವೇಶ್ವರನ ತೇರು, ಮದುವೆಗಳು, ರಾತ್ರಿಯಿಡೀ ನಾಟಕ, ಎಲ್ಲಾ ಈ ಬಿಡುವಿನಲ್ಲೇ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದೂ ಇಂಥ ನೆಲದಲ್ಲೇ. ಸುಮ್ಮನೆ ಮಲಗ್ತಿದ್ರು ಅಂತಲ್ಲ. ಕೆರೆ ಗೋಡು ಹೊಡೀಬೇಕು, ಹೆಂಚು ಕೈಯಾಡಿಸಬೇಕು. ಹೆಂಗಸರಿಗಂತೂ ಬೇಸಿಗೆಯಲ್ಲಿ ನೀರಿನ ದಾರಿಯೇ ಉದ್ದ ಆಗ್ತಿತ್ತು. ಆದ್ರೂ ನಾಲ್ಕು ದಿನ ನೆಂಟರ ಮನೇಲಿ ಉಳಿಯೋಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ಆಮೇಲೆ ಬೋರ್‌ವೆಲ್ ಬಂತು. ರಾಗಿ ಹೊಲ ಅಡಿಕೆ ತೋಟ ಆಯ್ತು. ಕೈಗೆ ದುಡ್ಡು ಬಂತು, ನಾನು ಬಿಇ ಓದಿದ್ದು ಅದರಲ್ಲೇ. ಆದ್ರೆ ಅಡಿಕೆ ಗಿಡ ಬೇಸಿಗೆಯಲ್ಲೇ ನೀರು ಕೇಳುತ್ತೆ. ತ್ರೀ ಫೇಸ್ ಕರೆಂಟು ಬಂದಾಗ ಎದ್ದು ಹೋಗಬೇಕು. ಮೋಟಾರನ್ನ ಮೊಬೈಲಿನಿಂದ ಆನ್ ಮಾಡಬಹುದು, ಗೇಟ್‌ವಾಲ್ ತಿರುಗಿಸೋಕೆ ಮನುಷ್ಯನೇ ಬೇಕು. ಹಿಂದೆ ಬಿಡುವಿದ್ದ ಮೂರು ತಿಂಗಳೇ ಈಗ ಅಪ್ಪ ಮನೆ ಬಿಟ್ಟು ಕದಲಲಾಗದ ಮೂರು ತಿಂಗಳು. ಮದುವೆಗೆ ಹೋದ್ರೂ ಊಟ ಮಾಡಿ ಸಂಜೆಗೆ ವಾಪಸ್.

ನಮ್ಮ ದೇಶದ 1948ರ ಕಾರ್ಖಾನೆ ಕಾಯ್ದೆ, ವರ್ಷಕ್ಕೆ 240 ದಿನ ದುಡಿದವರಿಗೆ 20 ದಿನಕ್ಕೊಂದರಂತೆ ಸಂಬಳ ಸಹಿತ ರಜೆ ಅಂತ ಹೇಳಿತು. ನಮ್ಮ ಆಫೀಸಿನ ಲೀವ್ ಬ್ಯಾಲೆನ್ಸ್ ಕೂಡ ಇಂಥ ಕಾನೂನುಗಳ ಮೊಮ್ಮಗು. ಸ್ವಂತ ಜಮೀನಿನಲ್ಲಿ ದುಡಿಯೋರಿಗೆ ಆ ಲೆಕ್ಕ ಇಲ್ಲ. ಅವರ ರಜೆಯನ್ನ ಋತುಮಾನ ಕೊಡ್ತಿತ್ತು, ನಾವು ಬೆಳೆ ಬದಲಾಯಿಸಿದಾಗ ಅದೂ ಹೋಯ್ತು. ಯಾರೂ ಕಿತ್ಕೊಳ್ಳಲಿಲ್ಲವಾದ್ದರಿಂದ ಯಾರೂ ಮುಷ್ಕರವನ್ನೂ ಮಾಡಲಿಲ್ಲ.

ಏಪ್ರಿಲ್‌ನಲ್ಲಿ ಎಂಟು ದಿನ ರಜೆ ಹಾಕಿದ್ದೇನೆ. ನಾನು ಊರಿನಲ್ಲಿ ನೀರು ಬಿಡ್ತೀನಿ, ಅಪ್ಪ ಅಮ್ಮ ಗೋಕರ್ಣಕ್ಕೆ ಹೋಗಿ ಬರ್ತಾರೆ. ನಿಮ್ಮ ಊರಲ್ಲೂ ತೋಟ ಇದ್ರೆ, ಈ ಸಲದ ಲೀವ್ ಅಪ್ಲೈ ಮಾಡೋ ಮುಂಚೆ ಒಂದ್ಸಲ ಮನೆಗೆ ಫೋನ್ ಮಾಡಿ.