ಹಾಡುಗಾರ ಹೋದ ಮೇಲೆ ಮೇಳ ಯಾರದು?

2024ರ ಸೆಪ್ಟೆಂಬರ್ 5ರಂದು ಅಮೆರಿಕದ ಲಿಂಕಿನ್ ಪಾರ್ಕ್ ಎಂಬ ರಾಕ್ ಬ್ಯಾಂಡ್ ಸುಮಾರು ಏಳು ವರ್ಷಗಳ ನಂತರ ಮತ್ತೆ ಜನರ ಮುಂದೆ ನಿಂತಿತು. ಅದರ ಮುಖ್ಯ ಗಾಯಕ ಚೆಸ್ಟರ್ ಬೆನ್ನಿಂಗ್ಟನ್ 2017ರ ಜುಲೈ 20ರಂದು ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದವರು ಎಮಿಲಿ ಆರ್ಮ್‌ಸ್ಟ್ರಾಂಗ್, ಡೆಡ್ ಸಾರಾ ಎಂಬ ಇನ್ನೊಂದು ಬ್ಯಾಂಡಿನ ಹಾಡುಗಾರ್ತಿ. ಡ್ರಮ್ ಬಾರಿಸಲು ಕಾಲಿನ್ ಬ್ರಿಟನ್ ಬಂದರು. ಎರಡು ತಿಂಗಳಲ್ಲಿ, ನವೆಂಬರ್ 15ಕ್ಕೆ, ‘ಫ್ರಮ್ ಝೀರೊ’ ಎಂಬ ಹೊಸ ಆಲ್ಬಮ್ ಹೊರಬಂತು. ಮರು ವರ್ಷ ಭಾರತದ ಹೆಸರೂ ಪಟ್ಟಿಗೆ ಸೇರಿತು. 2026ರ ಜನವರಿಗೆ ಮುಂಬಯಿ ಮತ್ತು ಬೆಂಗಳೂರು ಎರಡೂ ಕಡೆ ಕಾರ್ಯಕ್ರಮ ಗೊತ್ತುಪಡಿಸಿದರು.

ಬಸವಕಲ್ಯಾಣ, ಹುಮನಾಬಾದ್ ಕಡೆಯ ಬೆಳೆ, ನೀರು, ಜಾತ್ರೆಗಳ ಸುದ್ದಿ ಕಳಿಸುವ ನನಗೆ ಈ ಬ್ಯಾಂಡಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮ ಕಡೆ ಬ್ಯಾಂಡ್ ಅಂದರೆ ಇವತ್ತಿಗೂ ಮದುವೆ ಮೆರವಣಿಗೆಯ ಬ್ಯಾಂಡೇ. ಆದರೆ ಲಿಂಕಿನ್ ಪಾರ್ಕ್ ಎದುರಿಸಿದ ಪ್ರಶ್ನೆ ನಾರಾಯಣಪುರದಂಥ ಊರಿನ ಭಜನಾ ಮೇಳಕ್ಕೂ ಗೊತ್ತಿರುವಂಥದ್ದು. ಮುಂದೆ ನಿಂತು ಹಾಡುತ್ತಿದ್ದವನು ಇಲ್ಲವಾದ ಮೇಲೆ ಮೇಳ ನಿಲ್ಲಬೇಕೋ, ನಡೆಯಬೇಕೋ? ನಡೆದರೆ ಯಾರ ದನಿಯಲ್ಲಿ?

ಎಮಿಲಿ ಬಂದಾಗ ಅಭಿಮಾನಿಗಳು ಎರಡು ಪಾಲಾದರು. ಚೆಸ್ಟರ್ ಇಲ್ಲದೆ ಆ ಹೆಸರನ್ನು ಬಳಸಲೇಬಾರದು ಎಂದವರಿದ್ದರು. ಚೆಸ್ಟರ್ ಅವರ ಮಗನೊಬ್ಬ ಬಹಿರಂಗವಾಗಿಯೇ ವಿರೋಧ ಹೇಳಿದ. ಅಪ್ಪನನ್ನು ಕಳೆದುಕೊಂಡ ಮಗನ ನೋವನ್ನು ಯಾರೂ ತಕ್ಕಡಿಯಲ್ಲಿಟ್ಟು ತೂಗಬಾರದು. ಆದರೆ ಆ ಗಲಾಟೆಯಲ್ಲಿ ಬಹಳ ಜನ ಮರೆತ ಸಂಗತಿಯೊಂದಿದೆ. ಚೆಸ್ಟರ್ ಕೂಡ ಆ ಬ್ಯಾಂಡಿನ ಮೊದಲ ಹಾಡುಗಾರ ಆಗಿರಲಿಲ್ಲ. 1996ರಲ್ಲಿ ‘ಝೀರೊ’ ಎಂಬ ಹೆಸರಿನಲ್ಲಿ ಶುರುವಾದಾಗ ಅಲ್ಲಿ ಹಾಡುತ್ತಿದ್ದವರು ಮಾರ್ಕ್ ವೇಕ್‌ಫೀಲ್ಡ್. ಅವರು ಬಿಟ್ಟ ಮೇಲೆ 1999ರಲ್ಲಿ ಚೆಸ್ಟರ್ ಬಂದರು. ಮರು ವರ್ಷ, 2000ದ ಅಕ್ಟೋಬರಿನಲ್ಲಿ, ‘ಹೈಬ್ರಿಡ್ ಥಿಯರಿ’ ಹೊರಬಂದು ಅವರ ದನಿ ಲೋಕಕ್ಕೆಲ್ಲ ಪರಿಚಯವಾಯಿತು. ಮೊದಲ ಹಾಡುಗಾರನ ದನಿ ಜನರ ಕಿವಿಗೆ ಬಿದ್ದಿರಲೇ ಇಲ್ಲ, ಹಾಗಾಗಿ ಆಗ ಯಾರೂ ಜಗಳ ತೆಗೆಯಲಿಲ್ಲ. ಜನ ಒಪ್ಪಿಕೊಂಡ ‘ಮೂಲ’ ದನಿ ಎಂದರೆ ಮೊದಲು ರೆಕಾರ್ಡಿನಲ್ಲಿ ಕೇಳಿದ ದನಿ.

ರಾಕ್ ಸಂಗೀತದ ಚರಿತ್ರೆಯಲ್ಲಿ ಇಂಥ ಬದಲಾವಣೆಗಳು ಬಹಳ ಆಗಿವೆ. ಆಸ್ಟ್ರೇಲಿಯಾದ ಎಸಿ/ಡಿಸಿ ಬ್ಯಾಂಡಿನ ಬಾನ್ ಸ್ಕಾಟ್ 1980ರ ಫೆಬ್ರವರಿ 19ರಂದು ಸತ್ತರು. ಅವರೂ 1974ರಲ್ಲಿ ಇನ್ನೊಬ್ಬರ ಜಾಗಕ್ಕೆ ಬಂದವರೇ. ಉಳಿದವರು ಕೆಲವೇ ವಾರಗಳಲ್ಲಿ ಬ್ರಯಾನ್ ಜಾನ್ಸನ್ ಎಂಬುವರನ್ನು ಕರೆತಂದು, ಅದೇ ಜುಲೈನಲ್ಲಿ ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ ಹೊರತಂದರು. ರಕ್ಷಾಪುಟ ಪೂರ್ತಿ ಕಪ್ಪು, ಹೋದವನ ಸೂತಕದ ಗುರುತಾಗಿ. ಒಳಗಿನ ದನಿ ಮಾತ್ರ ಹೊಸಬನದು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್‌ಗಳ ಸಾಲಿನಲ್ಲಿ ಅದು ಇವತ್ತಿಗೂ ನಿಲ್ಲುತ್ತದೆ. ಜಾನ್ಸನ್ ತಮ್ಮದೇ ಗಂಟಲಿನಲ್ಲಿ ಹಾಡಿದರು, ಸ್ಕಾಟ್ ಅವರ ವೇಷ ಹಾಕಲಿಲ್ಲ.

ಜರ್ನಿ ಎಂಬ ಬ್ಯಾಂಡ್ ಹಿಡಿದ ದಾರಿ ಬೇರೆ. ಹಳೆಯ ಗಾಯಕ ಸ್ಟೀವ್ ಪೆರ್ರಿ ಬದುಕಿದ್ದರು, ಬ್ಯಾಂಡಿನಲ್ಲಿ ಇರಲಿಲ್ಲ. 2007ರಲ್ಲಿ ಬ್ಯಾಂಡಿನ ಗಿಟಾರ್ ವಾದಕ ನೀಲ್ ಶಾನ್ ಯೂಟ್ಯೂಬಿನಲ್ಲಿ ಫಿಲಿಪ್ಪೀನ್ಸಿನ ಅರ್ನೆಲ್ ಪಿನೆಡಾ ಎಂಬ ಹಾಡುಗಾರನನ್ನು ನೋಡಿದರು. ಮನಿಲಾದಲ್ಲಿ ಬೇರೆಯವರ ಹಾಡುಗಳನ್ನು ಹಾಡುತ್ತಿದ್ದ ಅವರ ಕಂಠ ಪೆರ್ರಿಯ ಕಂಠಕ್ಕೆ ಬಹಳ ಹತ್ತಿರವಿತ್ತು. ರೆಕಾರ್ಡ್ ಕೇಳಿ ಕೇಳಿ ಕಲಿತವನು ಕೊನೆಗೆ ಅದೇ ಬ್ಯಾಂಡಿನ ಮೈಕ್ ಹಿಡಿದ. ಕ್ವೀನ್ ಬ್ಯಾಂಡಿನವರು ಮೂರನೆಯ ದಾರಿ ಕಂಡುಕೊಂಡರು. ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ಹೋದ ಮೇಲೆ, ಮೊದಲು ಪಾಲ್ ರಾಜರ್ಸ್, ಆಮೇಲೆ ಆಡಮ್ ಲ್ಯಾಂಬರ್ಟ್ ಅವರ ಜೊತೆ ವೇದಿಕೆ ಹತ್ತಿದರು. ಆದರೆ ಬೋರ್ಡಿನ ಮೇಲೆ ‘ಕ್ವೀನ್’ ಎಂದು ಬರೆದು, ಪಕ್ಕಕ್ಕೊಂದು ಕೂಡಿಸುವ ಚಿಹ್ನೆ ಹಾಕಿ, ಹೊಸಬರ ಹೆಸರು ಬರೆದರು. ಕುರ್ಚಿ ಖಾಲಿಯೇ ಇದೆ, ಪಕ್ಕದಲ್ಲಿ ಇನ್ನೊಂದು ಹಾಕಿದ್ದೇವೆ ಎಂದು ಹೇಳುವ ಬಗೆ ಅದು.

ನಮ್ಮ ರಾಜ್ಯದ ನೆಲದಲ್ಲೂ ಇದರ ಎಳೆ ಸಿಗುತ್ತದೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಹಾಡಿತು. ಭಾರತದಲ್ಲಿ ಅದರ ಮೊದಲ ಕಾರ್ಯಕ್ರಮ. ಅವತ್ತು ಹಾಡಿದ ಬ್ರೂಸ್ ಡಿಕಿನ್ಸನ್ ಇಲ್ಲದ ಐರನ್ ಮೇಡನ್ ಅನ್ನು ಅಭಿಮಾನಿಗಳು ಊಹಿಸಲಾರರು. ಆದರೆ 1975ರಲ್ಲಿ ಬಾಸ್ ವಾದಕ ಸ್ಟೀವ್ ಹ್ಯಾರಿಸ್ ಕಟ್ಟಿದ ಆ ಬ್ಯಾಂಡಿನ ಮೊದಲ ಎರಡು ಆಲ್ಬಮ್‌ಗಳಲ್ಲಿ ಹಾಡಿದವರು ಪಾಲ್ ಡಿಯಾನೊ. ಡಿಕಿನ್ಸನ್ ಬಂದದ್ದು 1981ರಲ್ಲಿ. 1993ರಲ್ಲಿ ಬಿಟ್ಟುಹೋದರು, ನಡುವೆ ಬ್ಲೇಜ್ ಬೇಯ್ಲಿ ಹಾಡಿದರು, 1999ರಲ್ಲಿ ಡಿಕಿನ್ಸನ್ ವಾಪಸಾದರು. ಬೆಂಗಳೂರಿನದೇ ಆದ ಕ್ರಿಪ್ಟೋಸ್ 1998ರಲ್ಲಿ ಶುರುವಾದ ಮೆಟಲ್ ಬ್ಯಾಂಡ್. ಅಲ್ಲಿಯೂ ಮೊದಲ ವರ್ಷಗಳಲ್ಲಿ ಬಾಸ್ ನುಡಿಸುತ್ತಿದ್ದ ಗಣೇಶ್ ಕೃಷ್ಣಸ್ವಾಮಿ ಹಾಡುತ್ತಿದ್ದರು. ಆಮೇಲೆ ಹಾಡುವ ಕೆಲಸ ಗಿಟಾರ್ ವಾದಕ ನೋಲನ್ ಲೂಯಿಸ್ ಅವರ ಪಾಲಿಗೆ ಬಂತು. 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ಆ ಬ್ಯಾಂಡ್ ಹಾಡಿತು. ಹೊರಗಿನಿಂದ ಯಾರನ್ನೂ ಹುಡುಕದೆ ಒಳಗಿನವನೇ ಮೈಕಿನ ಮುಂದೆ ಬರುವುದೂ ಒಂದು ದಾರಿ.

ಹಾಡುಗಾರ ಬದಲಾದರೆ ಇಷ್ಟೊಂದು ರಂಪ ಯಾಕೆ ಎಂಬುದು ನಿಜವಾಗಿ ಚರಿತ್ರೆಯ ಪ್ರಶ್ನೆ. ಉತ್ತರ ರೆಕಾರ್ಡಿನಲ್ಲಿದೆ. ಭಾರತಕ್ಕೆ ಗ್ರಾಮಫೋನ್ ಕಂಪನಿಯವರು ಬಂದು 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ತಟ್ಟೆಗೆ ಇಳಿಸಿದರು. ಅದಕ್ಕೂ ಮುಂಚೆ ಹಾಡುಗಾರ ಸತ್ತರೆ ದನಿಯೂ ಹೋಗುತ್ತಿತ್ತು. ಉಳಿದ ಹಾಡನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಿದ್ದ, ಹೋಲಿಸಿ ನೋಡಲು ಕೇಳುಗರ ನೆನಪು ಬಿಟ್ಟರೆ ಬೇರೇನೂ ಇರಲಿಲ್ಲ. ನಮ್ಮ ನಾಟಕ ಕಂಪನಿಗಳು ನಡೆದದ್ದು ಇದೇ ಬಲದ ಮೇಲೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ ಎಷ್ಟೋ ತಲೆಮಾರಿನ ಹಾಡುವ ನಟರು ಬಂದು ಹೋದರು. ಪಾತ್ರ ಉಳಿಯಿತು, ರಂಗಗೀತೆ ಉಳಿಯಿತು, ಕಂಠ ಬದಲಾಯಿತು. ಪರದೆ ಎದ್ದಾಗ ಜನ ಟಿಕೆಟ್ ಹರಿದು ಒಳಗೆ ಹೋಗುತ್ತಲೇ ಇದ್ದರು.

ತಟ್ಟೆ, ಕ್ಯಾಸೆಟ್, ಸಿಡಿ, ಈಗ ಮೊಬೈಲ್. ಇವು ಬಂದ ಮೇಲೆ ಸತ್ತವನ ದನಿ ಸಾಯುವುದಿಲ್ಲ. ಹೊಸ ಹಾಡುಗಾರನ ಎದುರಾಳಿ ಹಳೆಯ ಹಾಡುಗಾರ ಕೂಡ ಅಲ್ಲ, ಅವನ ಅತ್ಯುತ್ತಮ ದಿನದ ದನಿಯನ್ನು ಹಿಡಿದಿಟ್ಟ ಯಂತ್ರ. ಯಂತ್ರಕ್ಕೆ ನೆಗಡಿ ಬರುವುದಿಲ್ಲ, ವಯಸ್ಸಾಗುವುದಿಲ್ಲ.

ಇಂಥ ಸ್ಪರ್ಧೆ ಕನ್ನಡಿಗರ ಕಣ್ಣೆದುರೇ ಒಮ್ಮೆ ನಡೆದಿದೆ. ಬಹಳ ವರ್ಷ ತೆರೆಯ ಮೇಲೆ ಡಾ. ರಾಜ್‌ಕುಮಾರ್ ಬಾಯಿ ತೆರೆದರೆ ಕೇಳುತ್ತಿದ್ದುದು ಪಿ.ಬಿ. ಶ್ರೀನಿವಾಸ್ ಅವರ ದನಿ. ಮುಖ ಒಬ್ಬರದು, ಕಂಠ ಇನ್ನೊಬ್ಬರದು ಎಂಬುದೇ ಮರೆತುಹೋಗುವಷ್ಟು ಅದು ಒಗ್ಗಿಹೋಗಿತ್ತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ರಾಜ್‌ಕುಮಾರ್ ತಾವೇ ಹಾಡಿದರು. ಅದಕ್ಕೂ ಮುಂಚೆ ಅವರು ಹಾಡಿದ್ದು ಬಹಳ ಕಡಿಮೆ, ಮುಂದೆ ಅವರ ಚಿತ್ರಗಳಲ್ಲಿ ಅವರದೇ ದನಿ ರೂಢಿಯಾಯಿತು. ರಾಜ್‌ಕುಮಾರ್ ಅವರ ಸ್ವಂತ ದನಿಯೇ ರಾಜ್‌ಕುಮಾರ್ ಅವರ ‘ಹೊಸ ಹಾಡುಗಾರ’ ಆದ ವಿಚಿತ್ರ ಪ್ರಸಂಗ ಇದು. ಜನ ಹೊಸದನ್ನು ಅಪ್ಪಿಕೊಂಡರು, ಶ್ರೀನಿವಾಸ್ ಅವರನ್ನು ಮರೆಯಲೂ ಇಲ್ಲ. ಇವತ್ತಿಗೂ ಎರಡೂ ಕಾಲದ ಹಾಡುಗಳು ಒಂದೇ ಬಸ್ಸಿನಲ್ಲಿ ಒಂದಾದ ಮೇಲೊಂದು ಬರುತ್ತವೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ನಾವು ನಮ್ಮ ತಾಲ್ಲೂಕು ದಾಟುವ ಅಗತ್ಯವೇ ಇಲ್ಲ. ನಾರಾಯಣಪುರದ ಶಿವಾಲಯ ಕಲ್ಯಾಣ ಚಾಲುಕ್ಯರ ಕಾಲದ್ದು. ಹುಮನಾಬಾದ್ ಕಡೆಯ ಜಲಸಂಗವಿಯ ದೇವಾಲಯದ ಗೋಡೆಯ ಮೇಲೆ ಆರನೇ ವಿಕ್ರಮಾದಿತ್ಯನನ್ನು ಹೊಗಳಿ ಶಾಸನ ಬರೆಯುತ್ತಿರುವ ಹೆಣ್ಣಿನ ಶಿಲ್ಪವಿದೆ. ಆಕೆ ಬರೆದ ಅಕ್ಷರ ಕಲ್ಲಿನಲ್ಲಿ ಉಳಿದಿದೆ. ಅದನ್ನು ಆಗಿನವರು ಯಾವ ದನಿಯಲ್ಲಿ ಓದಿದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಹನ್ನೆರಡನೇ ಶತಮಾನದ ಶರಣರ ವಚನಗಳದೂ ಇದೇ ಕಥೆ. ಮಾತು ಓಲೆಗರಿಯಲ್ಲಿ ಉಳಿಯಿತು. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನ ಶಾಸ್ತ್ರ ಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರು ಹಿಂದೂಸ್ತಾನಿ ರಾಗಗಳಲ್ಲಿ ಅವಕ್ಕೆ ಕಂಠ ಕೊಟ್ಟರು. ಬಸವಣ್ಣನವರ ದನಿ ಹೇಗಿತ್ತೋ ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲವೆಂದು ಯಾರೂ ವಚನ ಹಾಡುವುದು ಬಿಟ್ಟಿಲ್ಲ.

ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಇನ್ನೊಂದು ಪಾಠವಿದೆ. ಬಸವಕಲ್ಯಾಣ ತಾಲ್ಲೂಕಿನ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಉರ್ದು ಹೀಗೆ ಹಲವು ಭಾಷೆಗಳಲ್ಲಿ ಪದ ಕಟ್ಟಿದರು. 1865ರಲ್ಲಿ ಅವರು ಸಮಾಧಿಸ್ಥರಾದರು. ಮುಂದೆ ಪೀಠಕ್ಕೆ ಬಂದವರಲ್ಲಿ ಮಾರ್ತಾಂಡ ಪ್ರಭುಗಳಂಥವರು ಹಳೆಯ ಪದಗಳನ್ನು ಹಾಡಿಸಿದರು, ಜೊತೆಗೆ ತಮ್ಮ ಪದಗಳನ್ನೂ ಕಟ್ಟಿದರು. ಹಳೆಯದನ್ನು ಕಾಯುವವನಿಗೆ ಹೊಸದನ್ನು ಸೇರಿಸುವ ಹಕ್ಕೂ ಇದೆ ಎಂಬ ಒಪ್ಪಿಗೆ ಆ ಪರಂಪರೆಯೊಳಗೇ ಇತ್ತು.

ಲಿಂಕಿನ್ ಪಾರ್ಕ್ ಮಾಡಿದ್ದನ್ನು ಈ ಕಣ್ಣಿನಿಂದ ನೋಡಿ. ಅವರು ಚೆಸ್ಟರ್ ಅವರನ್ನೇ ಹೋಲುವ ಗಂಡು ದನಿಯನ್ನು ಹುಡುಕಲಿಲ್ಲ. ಹೆಣ್ಣುಮಗಳನ್ನು ಕರೆತಂದರು. ಅವರ ಕಂಠಕ್ಕೆ ಒಗ್ಗುವಂತೆ ಕೆಲವು ಹಳೆಯ ಹಾಡುಗಳ ಶ್ರುತಿ ಬದಲಿಸಿದರು. ಹಳೆಯ ಹಾಡುಗಳನ್ನಷ್ಟೇ ಹಿಡಿದು ಊರೂರು ತಿರುಗದೆ ಹೊಸ ಆಲ್ಬಮ್ ಮಾಡಿದರು, ಅದಕ್ಕೆ ಚೆಸ್ಟರ್‌ಗೂ ಮುಂಚಿನ ತಮ್ಮ ಮೊದಲ ಹೆಸರನ್ನು ನೆನಪಿಸುವ ಹೆಸರಿಟ್ಟರು. ಇಷ್ಟಾದರೂ ಒಪ್ಪದವರು ಇದ್ದೇ ಇದ್ದಾರೆ, ಇರಲಿ. ಒಪ್ಪದವರ ಬಳಿ ಹಳೆಯ ರೆಕಾರ್ಡ್ ಹೇಗೂ ಇದೆ.

ಈಗ ನಮ್ಮ ಊರಿಗೆ ಬರೋಣ. ಭಜನಾ ಮೇಳದಲ್ಲಿ ಒಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಹೇಳುತ್ತಾರೆ. ಮುಂದೆ ಹೇಳುವ ಹಿರಿಯರು ತೀರಿಕೊಂಡರೆ ಮೊದಲಾದರೆ ಆ ವಾರವೇ ಇನ್ನೊಬ್ಬರು ಹಾರ್ಮೋನಿಯಂ ಹತ್ತಿರ ಸರಿದು ಕೂರುತ್ತಿದ್ದರು. ಈಗ ಹಲವು ಕಡೆ ಆ ಜಾಗಕ್ಕೆ ಧ್ವನಿವರ್ಧಕ ಬಂದಿದೆ. ಪೆನ್‌ಡ್ರೈವ್ ಚುಚ್ಚಿದರೆ ಹೆಸರಾಂತ ಗಾಯಕರು ಬೆಳಗಿನ ಜಾವದಿಂದ ಹಾಡುತ್ತಾರೆ, ತಾಳ ತಪ್ಪುವುದಿಲ್ಲ, ಚಹಾ ಕೂಡ ಕೇಳುವುದಿಲ್ಲ. ಊರಿನ ಹುಡುಗ ಅವರ ಮುಂದೆ ಹಾಡಲು ನಾಚುತ್ತಾನೆ. ‘ಅವರಂಗ ನಮಗ ಬರೂದಿಲ್ಲರಿ’ ಅನ್ನುತ್ತಾನೆ. ಎಮಿಲಿ ಆರ್ಮ್‌ಸ್ಟ್ರಾಂಗ್ ಎದುರಿಗಿದ್ದ ಯಂತ್ರವೇ ಇವನ ಎದುರಿಗೂ ಇದೆ. ಆಕೆಗೆ ಬೆನ್ನಿಗೆ ನಿಂತ ಮೇಳವಿತ್ತು. ಇವನಿಗೆ ಬೇಕಿರುವುದೂ ಅದೇ.

ಹಿರಿಯರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಡುವುದು ಒಳ್ಳೆಯದೇ, ಹಿಡಿದಿಡಬೇಕು. ಆದರೆ ಅದು ಮುಂದಿನವನು ಕೇಳಿ ಕಲಿಯುವುದಕ್ಕೆ, ಅವನ ಬದಲಿಗೆ ಗುಡಿಯಲ್ಲಿ ಹಚ್ಚುವುದಕ್ಕಲ್ಲ. ಕಪ್ಪು ನಾಲ್ಕರ ಶ್ರುತಿ ಹತ್ತದಿದ್ದರೆ ಬಿಳಿ ಎರಡಕ್ಕೆ ಇಳಿಸಿಕೊಳ್ಳಲಿ. ಗಂಡಸರು ಮುಂದೆ ಬರದಿದ್ದರೆ ವಚನ ಹಾಡುವ ಅಕ್ಕನ ಬಳಗದವರು ಹಾರ್ಮೋನಿಯಂ ತಮ್ಮ ಕಡೆ ಎಳೆದುಕೊಳ್ಳಲಿ. ಮೊದಲ ಕೆಲವು ವಾರ ಊರು ಹೋಲಿಸಿ ಮಾತಾಡುತ್ತದೆ. ಆಮೇಲೆ ಹಿಂದೆ ಹೇಳಲು ಶುರುಮಾಡುತ್ತದೆ.